ಬೇಲಿ ತೊಳೆಯುವ ಮುನ್ನ: ನೀರಿನ ಒತ್ತಡ, ಮರದ ನಾರು ಮತ್ತು ನಾನು ಕಲಿತ ಪಾಠ

ಕೋತಗಿರಿ ಸಮೀಪದ ಕಟ್ಟಬೆಟ್ಟಿನಲ್ಲಿ ನನ್ನ ಅಕ್ಕ-ಭಾವ ಇದ್ದಾರೆ. ಮನೆಯ ಹಿಂದೆ ಟೀ ಗಿಡ, ಮುಂದೆ ನಾಲ್ಕು ಪಾತಿ ಕ್ಯಾರೆಟ್ಟು, ಕೊತ್ತಂಬರಿ. ಪಾತಿಗೆ ಒತ್ತಿಕೊಂಡೇ ಎದೆಮಟ್ಟದ ಮರದ ಬೇಲಿ. ಕಂಬ ನೀಲಗಿರಿ ಮರದ್ದು, ಹಲಗೆ ಪೈನ್ ಮರದ್ದು. ಕಾಟಿ ನುಗ್ಗಿದರೆ ಈ ಬೇಲಿ ಲೆಕ್ಕಕ್ಕೇ ಇಲ್ಲ. ಆದರೂ ಮನೆಗೊಂದು ಲಕ್ಷಣ ಬೇಕಲ್ಲ ಅಂತ ಇಟ್ಟುಕೊಂಡಿದ್ದಾರೆ.

ದಸರಾ ರಜೆಗೆ ಹೋಗಿದ್ದೆ. ಬೇಲಿಯ ಹಳೇ ಹಸಿರು ಬಣ್ಣ ಅಲ್ಲಲ್ಲಿ ಎದ್ದು ಬಂದಿತ್ತು. ಬಣ್ಣ ಹೋದ ಕಡೆ ಮರ ಬೂದುಬಣ್ಣಕ್ಕೆ ತಿರುಗಿ, ಪಾಚಿ ಕಟ್ಟಿತ್ತು. ಭಾವ ಗಾಡಿ ತೊಳೆಯಲು ಹೊಸದಾಗಿ ಒಂದು ಪ್ರೆಶರ್ ವಾಷರ್ ತಂದಿದ್ದರು. "ಮೇಷ್ಟ್ರೇ, ನೀವೂ ಇದ್ದೀರಿ, ಮಿಷಿನ್ನೂ ಇದೆ. ಬೇಲಿ ತೊಳೆದು ಪೇಂಟ್ ಹೊಡೆದುಬಿಡೋಣ" ಅಂದರು. ನಾನು ಸೈನ್ಸ್ ಮೇಷ್ಟ್ರು ಅನ್ನೋ ಧೈರ್ಯದಲ್ಲಿ ಗನ್ ಕೈಗೆ ತಗೊಂಡೆ.

ಮೂತಿಯನ್ನು ಹಲಗೆಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದೆ. ಪಾಚಿ, ಬಣ್ಣ, ಬೂದು ಪದರ ಎಲ್ಲಾ ಒಟ್ಟಿಗೆ ಹಾರಿಹೋಗಿ ಕೆಳಗಿನಿಂದ ಹೊಸ ಮರದ ಬಣ್ಣ ಬಂತು. ಬಹಳ ಖುಷಿಯಾಯಿತು. ಮರುದಿನ ನೋಡಿದರೆ ಹಲಗೆ ತುಂಬಾ ಉದ್ದುದ್ದ ಗೀರು. ಮುಟ್ಟಿದರೆ ತೆಂಗಿನ ನಾರಿನ ಹಾಗೆ ಎಳೆ ಎದ್ದಿತ್ತು. ಹನಿಮಳೆ ನಿಂತಿದ್ದ ಎರಡು ಗಂಟೆ ಬಿಡುವಿನಲ್ಲಿ ಅದರ ಮೇಲೇ ಪೇಂಟ್ ಹೊಡೆದು, ಊರಿಗೆ ಬಸ್ಸು ಹತ್ತಿದೆ. ಡಿಸೆಂಬರ್ ಕೊನೆಗೆ ಅಕ್ಕ ಫೋಟೋ ಕಳಿಸಿದಳು. ಹೊಸ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು.

ಆ ಕೆಲಸದಲ್ಲಿ ನಾನು ಮಾಡಿದ ಒಂದೊಂದು ತಪ್ಪಿಗೂ ನಮ್ಮ 8, 9, 10ನೇ ತರಗತಿಯ ಪುಸ್ತಕದಲ್ಲೇ ಉತ್ತರವಿತ್ತು. ಪಾಠ ಮಾಡುವುದು ಬೇರೆ, ಪಾಠ ನೆನಪಿಟ್ಟುಕೊಂಡು ಕೆಲಸ ಮಾಡುವುದು ಬೇರೆ. ಅದಕ್ಕೇ ಈ ಬರಹ.

ಮರ ಬೂದಾಗುವುದು ಯಾಕೆ?

ಮರದ ರಚನೆಯನ್ನು ಆರ್‌ಸಿಸಿಗೆ ಹೋಲಿಸಬಹುದು. ಸೆಲ್ಯುಲೋಸ್ ನಾರುಗಳು ಕಬ್ಬಿಣದ ಸರಳಿನ ಹಾಗೆ, ಅವನ್ನು ಹಿಡಿದಿಡುವ ಲಿಗ್ನಿನ್ ಸಿಮೆಂಟಿನ ಹಾಗೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳನ್ನು ಹೆಚ್ಚಾಗಿ ಹೀರುವುದು ಲಿಗ್ನಿನ್. ಹೀರಿ ಹೀರಿ ಅದು ಒಡೆಯುತ್ತದೆ, ಒಡೆದ ಚೂರುಗಳನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಮೇಲೆ ಉಳಿಯುವುದು ಸಿಮೆಂಟ್ ಕಳೆದುಕೊಂಡ ಬಿಳಿಚಿದ ಸೆಲ್ಯುಲೋಸ್ ನಾರು. ಅದರ ಮೇಲೆ ಕಪ್ಪು ಬೂಸ್ಟು ಬೆಳೆದಾಗ ನಮಗೆ ಬೂದುಬಣ್ಣ ಕಾಣುತ್ತದೆ. ನೀಲಗಿರಿಯಂಥ ಎತ್ತರದ ಜಾಗದಲ್ಲಿ ನೇರಳಾತೀತ ಕಿರಣ ಬಯಲಿಗಿಂತ ಹೆಚ್ಚು, ಮಂಜೂ ಹೆಚ್ಚು. ಎರಡೂ ಸೇರಿದರೆ ಮರಕ್ಕೆ ಕಷ್ಟ.

ಈ ಬೂದು ಪದರ ತುಂಬಾ ತೆಳು, ಮಿಲಿಮೀಟರಿನ ಒಂದು ಚಿಕ್ಕ ಪಾಲು ಅಷ್ಟೇ. ಅದರ ಕೆಳಗೆ ಮರ ಗಟ್ಟಿಯಾಗಿಯೇ ಇರುತ್ತದೆ. ಬಣ್ಣ ಬಳಿಯದ ಪೈನ್ ಜಾತಿಯ ಮರ ಬಿಸಿಲು-ಮಳೆಗೆ ಸವೆಯುವ ಪ್ರಮಾಣ 100 ವರ್ಷಕ್ಕೆ ಸುಮಾರು 6 ಮಿ.ಮೀ. ಎಂದು ಮರವಿಜ್ಞಾನಿಗಳ ಲೆಕ್ಕ. ಅಂದರೆ ವರ್ಷಕ್ಕೆ 0.06 ಮಿ.ಮೀ. ನನ್ನ ಗನ್ನು ಹಲಗೆಯಲ್ಲಿ ಕೊರೆದ ಗೀರು ಸುಮಾರು 1 ಮಿ.ಮೀ. ಆಳವಿತ್ತು. ಭಾಗಿಸಿ ನೋಡಿ. ಪ್ರಕೃತಿ 16 ವರ್ಷದಲ್ಲಿ ಮಾಡುವ ಸವೆತವನ್ನು ನಾನು ಕೆಲವು ಸೆಕೆಂಡಿನಲ್ಲಿ ಮಾಡಿದ್ದೆ.

ಹಾಗಂತ ಬೂದು ಪದರವನ್ನು ಹಾಗೇ ಬಿಟ್ಟು ಬಣ್ಣ ಬಳಿಯುವ ಹಾಗೂ ಇಲ್ಲ. ಬಣ್ಣ ಅಂಟುವುದು ಸಡಿಲ ನಾರಿಗೆ. ನಾರು ಕಿತ್ತರೆ ಅದರ ಜೊತೆ ಬಣ್ಣವೂ ಬರುತ್ತದೆ. ಹಾಗಾಗಿ ಕೆಲಸ ಇಷ್ಟೇ: ಸತ್ತ ಪದರ ಹೋಗಬೇಕು, ಗಟ್ಟಿ ಮರ ಉಳಿಯಬೇಕು.

ಗನ್ನಿನೊಳಗಿನ ಲೆಕ್ಕ

ಭಾವನ ಮಿಷಿನ್ ಮೇಲೆ 100 ಬಾರ್, ನಿಮಿಷಕ್ಕೆ 6 ಲೀಟರ್ ಎಂದು ಬರೆದಿತ್ತು. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ಬಾರ್ ಒತ್ತಡ ಏರುತ್ತದೆ. ಹಾಗಾದರೆ 100 ಬಾರ್ ಎಂದರೆ ಒಂದು ಕಿಲೋಮೀಟರ್ ಆಳದ ನೀರಿನ ತಳದಲ್ಲಿರುವ ಒತ್ತಡ.

ಈ ಒತ್ತಡ ಮೂತಿಯಲ್ಲಿ ವೇಗವಾಗಿ ಬದಲಾಗುತ್ತದೆ. ಶಕ್ತಿ ಸಂರಕ್ಷಣಾ ನಿಯಮ ಹಾಕಿದರೆ ಹೀಗೆ ಬರುತ್ತದೆ:

ವೇಗದ ವರ್ಗ = 2 × ಒತ್ತಡ ÷ ಸಾಂದ್ರತೆ

100 ಬಾರ್ ಎಂದರೆ 1,00,00,000 ಪ್ಯಾಸ್ಕಲ್. ನೀರಿನ ಸಾಂದ್ರತೆ ಘನಮೀಟರಿಗೆ 1000 ಕೆ.ಜಿ. ಲೆಕ್ಕ ಮಾಡಿದರೆ ವೇಗ ಸೆಕೆಂಡಿಗೆ 141 ಮೀಟರ್, ಅಂದರೆ ಗಂಟೆಗೆ ಸುಮಾರು 500 ಕಿ.ಮೀ. ಘರ್ಷಣೆಯಿಂದ ಸ್ವಲ್ಪ ಕಡಿಮೆಯಾಗುತ್ತದೆ ಅಂತಿಟ್ಟುಕೊಳ್ಳಿ. ಮನೆಯ ಮೇಲೆ 5 ಮೀಟರ್ ಎತ್ತರದಲ್ಲಿರುವ ಟ್ಯಾಂಕಿನ ನೀರು ಅದೇ ಲೆಕ್ಕದಲ್ಲಿ ಬರುವುದು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ. ವ್ಯತ್ಯಾಸ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ಇದಕ್ಕೆ ನೀಲಗಿರಿಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮಸಿನಗುಡಿ ಹತ್ತಿರದ ಸಿಂಗಾರದಲ್ಲಿ 1932ರಲ್ಲಿ ಶುರುವಾದ ಪೈಕಾರಾ ವಿದ್ಯುದಾಗಾರ. ಗ್ಲೆನ್‌ಮಾರ್ಗನ್ ಕಡೆಯಿಂದ ನೀರು ಕೊಳವೆಯಲ್ಲಿ ಸುಮಾರು 900 ಮೀಟರ್ ಕೆಳಗಿಳಿದು ಪೆಲ್ಟನ್ ಚಕ್ರಗಳಿಗೆ ಬಡಿಯುತ್ತದೆ. 900 ಮೀಟರ್ ಎಂದರೆ ಸುಮಾರು 90 ಬಾರ್, ವೇಗ ಸೆಕೆಂಡಿಗೆ 130 ಮೀಟರಿನ ಆಸುಪಾಸು. ಬೆಟ್ಟದ ಮೇಲಿಂದ ಬೀಳುವ ನೀರಿಗೆ ಬರುವ ವೇಗವನ್ನು ಭಾವನ ಚಿಕ್ಕ ಮಿಷಿನ್ ಮನೆಯಂಗಳದಲ್ಲಿ ಕೊಡುತ್ತಿತ್ತು. ಅಲ್ಲಿ ಉಕ್ಕಿನ ಚಕ್ರ, ಇಲ್ಲಿ ಪೈನ್ ಹಲಗೆ. ನೀರಿನ ಪ್ರಮಾಣ ಮಾತ್ರ ಅಲ್ಲಿಗೂ ಇಲ್ಲಿಗೂ ಹೋಲಿಕೆಯೇ ಇಲ್ಲ.

ಇನ್ನೂ ಮುಂದುವರಿಸಬಹುದು. ನಿಮಿಷಕ್ಕೆ 6 ಲೀಟರ್ ಎಂದರೆ ಸೆಕೆಂಡಿಗೆ 0.1 ಲೀಟರ್. ಅಷ್ಟು ನೀರು ಆ ವೇಗದಲ್ಲಿ ಹೊರಬರಬೇಕಾದರೆ ಮೂತಿಯ ರಂಧ್ರದ ವಿಸ್ತೀರ್ಣ 0.7 ಚದರ ಮಿ.ಮೀ. ಇದ್ದರೆ ಸಾಕು. ಅಂದರೆ 1 ಮಿ.ಮೀ.ಗಿಂತ ಚೂರು ಕಡಿಮೆ ವ್ಯಾಸ. ಗನ್ ಹಿಂದಕ್ಕೆ ತಳ್ಳುವ ಬಲ ಎಷ್ಟು? ಸೆಕೆಂಡಿಗೆ 0.1 ಕೆ.ಜಿ. × 141 = 14 ನ್ಯೂಟನ್. ಸುಮಾರು ಒಂದೂವರೆ ಕೆ.ಜಿ. ತೂಕ ಕೈಯಲ್ಲಿ ಹಿಡಿದ ಹಾಗೆ. ನ್ಯೂಟನ್ನನ ಮೂರನೇ ನಿಯಮ ಅಂಗೈಗೇ ಗೊತ್ತಾಗುತ್ತದೆ.

ನೋಡಿ, ಬಲ 14 ನ್ಯೂಟನ್ ಮಾತ್ರ, ಅದೇನು ದೊಡ್ಡದಲ್ಲ. ಅದು ಎಷ್ಟು ಜಾಗದ ಮೇಲೆ ಬೀಳುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ. 25 ಡಿಗ್ರಿ ಹರಡುವ ಮೂತಿಯನ್ನು ಹಲಗೆಯಿಂದ 30 ಸೆಂ.ಮೀ. ದೂರ ಹಿಡಿದರೆ ನೀರಿನ ಪಟ್ಟೆ ಸುಮಾರು 13 ಸೆಂ.ಮೀ. ಅಗಲ. 5 ಸೆಂ.ಮೀ.ಗೆ ತಂದರೆ ಪಟ್ಟೆ 2 ಸೆಂ.ಮೀ. ಚಿಲ್ಲರೆ. ಅದೇ ಬಲ ಆರನೇ ಒಂದು ಪಾಲು ಅಗಲದಲ್ಲಿ ಬೀಳುತ್ತದೆ. ನಾನು ನಾಲ್ಕು ಬೆರಳು ದೂರದಲ್ಲಿ ಹಿಡಿದಿದ್ದೆ ಅಂದೆನಲ್ಲ, ಅಲ್ಲಿಯೇ ತಪ್ಪಾಗಿದ್ದು. ಸಣ್ಣ ಮಿಷಿನ್ನುಗಳಲ್ಲಿ ಒತ್ತಡ ಕಡಿಮೆ ಮಾಡುವ ತಿರುಪು ಎಷ್ಟೋ ಸಲ ಇರುವುದಿಲ್ಲ. ದೂರವೇ ನಮ್ಮ ತಿರುಪು.

ಪೈನ್ ಮರದಲ್ಲಿ ಇನ್ನೊಂದು ತೊಂದರೆ. ಅದರ ಬೆಳವಣಿಗೆಯ ಉಂಗುರದಲ್ಲಿ ಮೃದುವಾದ ತಿಳಿಬಣ್ಣದ ಪದರ, ಗಟ್ಟಿಯಾದ ಗಾಢಬಣ್ಣದ ಪದರ ಒಂದರ ಪಕ್ಕ ಒಂದಿರುತ್ತವೆ. ಜೋರು ನೀರು ಮೃದು ಪದರವನ್ನು ಮೊದಲು ತಿನ್ನುತ್ತದೆ, ಗಟ್ಟಿ ಪದರ ಏಣಿನ ಹಾಗೆ ಉಳಿಯುತ್ತದೆ. ನನ್ನ ಹಲಗೆಯಲ್ಲಿ ಬಿದ್ದ ಉದ್ದುದ್ದ ಗೀರುಗಳು ಅವೇ.

ಕೆಲಸ ಸೋಡಾದ್ದು, ನೀರಿನದಲ್ಲ

ಎಂಜಲು ಒಣಗಿದ ಪಾತ್ರೆಯನ್ನು ಯಾರೂ ಕೂಡಲೇ ಉಜ್ಜುವುದಿಲ್ಲ. ಮೊದಲು ನೆನೆಹಾಕುತ್ತಾರೆ. ಬೇಲಿಗೂ ಅದೇ ಕ್ರಮ. ರಾಸಾಯನಿಕ ಕ್ರಿಯೆ ಕೊಳೆಯನ್ನು ಬಿಡಿಸಬೇಕು, ಬಿಟ್ಟದ್ದನ್ನು ನೀರು ಒಯ್ಯಬೇಕು.

ಎರಡನೇ ಸಲ ನಾವು ಬಳಸಿದ್ದು ಬಟ್ಟೆಯ ಕಲೆ ತೆಗೆಯಲು ಆಕ್ಸಿಜನ್ ಬ್ಲೀಚ್ ಎಂದು ಸಿಗುವ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ. ನೀರಿಗೆ ಬಿದ್ದರೆ ಅದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಸೋಡಾ ಜಿಡ್ಡನ್ನೂ ಸಡಿಲ ಪದರವನ್ನೂ ಬಿಡಿಸುತ್ತದೆ, ಪೆರಾಕ್ಸೈಡ್ ಬೂಸ್ಟು-ಪಾಚಿಯನ್ನು ಕೊಂದು ಬಣ್ಣ ಕಳೆಯುತ್ತದೆ. 1 ಲೀಟರ್ ಬಿಸಿನೀರಿಗೆ ಸುಮಾರು 40 ಗ್ರಾಂ ಕಲಸಿ, ಹಲಗೆಗೆ ಕೆಳಗಿನಿಂದ ಮೇಲಕ್ಕೆ ಹಚ್ಚಿ, 15-20 ನಿಮಿಷ ಒಣಗದ ಹಾಗೆ ನೋಡಿಕೊಂಡು, ನೈಲಾನ್ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದೆವು. ಕಲಸಿದ ನೀರನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ. ಆಮ್ಲಜನಕ ಬಿಡುಗಡೆಯಾಗುತ್ತಲೇ ಇರುತ್ತದೆ, ಬಾಟಲಿ ಒಡೆದೀತು.

ಆಮೇಲೆ ಮಿಷಿನ್. ಅಗಲ ಹರಡುವ ಮೂತಿ ಹಾಕಿ ಎರಡು ಅಡಿ ದೂರದಿಂದ ಶುರು ಮಾಡಿದೆವು. ಬೇಕಾದರೆ ಒಂದಡಿಯವರೆಗೆ ಬರಬಹುದು, ಅದಕ್ಕಿಂತ ಹತ್ತಿರ ಬೇಡ. ಮರದ ನಾರಿನ ದಿಕ್ಕಿನಲ್ಲೇ, ಮೇಲಿನಿಂದ ಕೆಳಕ್ಕೆ, ಗೋಡೆಗೆ ಸುಣ್ಣ ಹೊಡೆಯುವ ಹಾಗೆ ಕೈ ಆಡುತ್ತಲೇ ಇರಬೇಕು. ಒಂದೇ ಕಡೆ ನಿಲ್ಲಿಸಿದರೆ ಕಥೆ ಮುಗಿಯಿತು.

ಟೀ ಲೋಟದಲ್ಲಿ ಬೇಲಿಯ ಕಪ್ಪು ಕಲೆ

ತೊಳೆದ ಮೇಲೂ ಮೊಳೆಗಳ ಸುತ್ತ ಕಪ್ಪು ಕಲೆ ಉಳಿದಿತ್ತು, ಮುಖ್ಯವಾಗಿ ನೀಲಗಿರಿ ಕಂಬಗಳಲ್ಲಿ. ಅದು ಕೊಳೆಯಲ್ಲ. ಮರದಲ್ಲಿರುವ ಒಗರು ವಸ್ತು ಟ್ಯಾನಿನ್, ಮೊಳೆಯ ಕಬ್ಬಿಣದ ಜೊತೆ ಸೇರಿ ಆದ ಕಪ್ಪು ಸಂಯುಕ್ತ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ.

ಟೀ ಊರಿನಲ್ಲಿ ಇದನ್ನು ತೋರಿಸುವುದು ಸುಲಭ. ಟೀಯಲ್ಲೂ ಟ್ಯಾನಿನ್ ಜಾತಿಯ ವಸ್ತುಗಳಿವೆ. ಹಾಲು ಹಾಕದ ಸ್ಟ್ರಾಂಗ್ ಡಿಕಾಕ್ಷನ್ ಎರಡು ಲೋಟಕ್ಕೆ ಬಗ್ಗಿಸಿ, ಒಂದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಮೊಳೆಯ ಲೋಟ ಕಪ್ಪಾಗಿರುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಕಪ್ಪು ತಿಳಿಯಾಗುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಟ್ಯಾನಿನ್‌ನಿಂದ ಬಿಡಿಸಿಕೊಂಡು ಹೋಗುತ್ತದೆ. (ಕುಡಿಯುವ ಹಾಗಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿ.)

ಬೇಲಿಗೆ ಇದೇ ಕೆಲಸವನ್ನು ಆಕ್ಸಾಲಿಕ್ ಆಮ್ಲ ಮಾಡುತ್ತದೆ. ಲೀಟರಿಗೆ ಸುಮಾರು 30 ಗ್ರಾಂ ಸಾಕು. ಸೋಡಾದ ಕ್ಷಾರೀಯತೆಯನ್ನೂ ಇದು ತಟಸ್ಥಗೊಳಿಸುತ್ತದೆ. ಆದರೆ ಆಕ್ಸಾಲಿಕ್ ಆಮ್ಲ ವಿಷ. ಕೈಗವಸು, ಕನ್ನಡಕ ಬೇಕೇ ಬೇಕು, ಮಕ್ಕಳ ಕೈಗೆ ಕೊಡಲೇಬಾರದು. ಪಕ್ಕದ ಗಿಡಗಳಿಗೆ ಮೊದಲೇ ನೀರು ಹಾಕಿ ಟಾರ್ಪಾಲು ಮುಚ್ಚಿ, ಕೊನೆಗೆ ಎಲ್ಲವನ್ನೂ ಚೆನ್ನಾಗಿ ತೊಳೆಯಬೇಕು.

ಇಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಮನೆಯಲ್ಲಿದೆ ಅಂತ ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೆ ಆಮ್ಲ ಹಾಕಬೇಡಿ. ಬ್ಲೀಚಿಂಗ್ ಪೌಡರ್ ಮತ್ತು ಆಮ್ಲ ಸೇರಿದರೆ ಕ್ಲೋರಿನ್ ಅನಿಲ. 10ನೇ ತರಗತಿಗೆ ಬ್ಲೀಚಿಂಗ್ ಪೌಡರ್ ಪಾಠ ಮಾಡುವಾಗ ಇದನ್ನು ತಪ್ಪದೆ ಹೇಳಬೇಕು. ಶಾಲೆಯ ಶೌಚಾಲಯ ತೊಳೆಯುವವರಿಗೂ ಹೇಳಬೇಕು.

ಕ್ಯಾರೆಟ್ ಪಾತಿಯಲ್ಲಿ ಹಸಿರು ಚೂರು

ಈಗ ನನಗೆ ನಿದ್ದೆ ಕೆಡಿಸಿದ ವಿಷಯ. ಗುಳ್ಳೆಯ ಫೋಟೋ ಕಳಿಸಿದ ದಿನ ಅಕ್ಕ ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. "ನೀನು ತೊಳೆದಾಗಿನಿಂದ ಪಾತಿ ತುಂಬಾ ಹಸಿರು ಹಸಿರು ಚೂರು ಕಣೋ. ಪುಟ್ಟಿ ಆರಿಸಿ ಆರಿಸಿ ಡಬ್ಬಿಗೆ ತುಂಬ್ಕೋತಾಳೆ." ಪುಟ್ಟಿಗೆ ಆಗ ನಾಲ್ಕು ವರ್ಷ.

ಹಳೇ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಆ ಬೇಲಿಯ ಬಣ್ಣ ಅದಕ್ಕಿಂತ ಎಷ್ಟೋ ಹಳೇದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಅದಕ್ಕಿಲ್ಲ. ಇದನ್ನೆಲ್ಲ ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುವ ನಾನೇ, ಗಂಟೆಗೆ 500 ಕಿ.ಮೀ. ವೇಗದ ನೀರಿನಲ್ಲಿ ಹಳೇ ಬಣ್ಣವನ್ನು ಪುಡಿ ಮಾಡಿ, ಮನೆಯವರು ತಿನ್ನುವ ಕ್ಯಾರೆಟ್ ಬೆಳೆಯುವ ಮಣ್ಣಿಗೆ ಎರಚಿದ್ದೆ.

2017ಕ್ಕಿಂತ ಹಳೇ ಬಣ್ಣ ಎಂದರೆ ಸೀಸ ಇದೆ ಅಂತಲೇ ಲೆಕ್ಕ ಹಿಡಿಯಬೇಕು. ಹಾಗೇ ಮಾಡಿದೆವು. ಪುಟ್ಟಿಯ ಡಬ್ಬಿ ತೆಗೆದು, ಕೈ ತೊಳೆಸಿ, ಡಾಕ್ಟರಿಗೆ ವಿಷಯ ತಿಳಿಸಿದರು. ಆ ಸಲದ ಕ್ಯಾರೆಟ್ ಯಾರೂ ತಿನ್ನಲಿಲ್ಲ. ಬೇಲಿ ಪಕ್ಕದ ಮೇಲ್ಮಣ್ಣನ್ನು ಒದ್ದೆ ಮಾಡಿ, ಕೆರೆದು, ಚೀಲಕ್ಕೆ ತುಂಬಿಸಿ, ಹೊಸ ಮಣ್ಣು ಹಾಕಿಸಿದರು. ಉಳಿದ ಹಳೇ ಬಣ್ಣವನ್ನು ಕೆಳಗೆ ಟಾರ್ಪಾಲು ಹಾಸಿ, ಒದ್ದೆ ಮಾಡಿಕೊಂಡು, ಮಾಸ್ಕ್ ಹಾಕಿ ಕೈಯಲ್ಲೇ ಕೆರೆದು ತೆಗೆದೆವು. ಪುಟ್ಟಿಯನ್ನು ಪಕ್ಕದ ಮನೆಗೆ ಕಳಿಸಿದ್ದೆವು. ಹಳೇ ಬಣ್ಣಕ್ಕೆ ಪ್ರೆಶರ್ ವಾಷರ್ ಬೇಡ, ಒಣ ಉಪ್ಪುಕಾಗದವೂ ಬೇಡ. ನಿಮ್ಮ ಶಾಲೆಯ ಹಳೇ ಗೇಟು, ಬೆಂಚು, ಕಿಟಕಿಗೂ ಇದೇ ಮಾತು.

ಇನ್ನೊಂದು ಎಚ್ಚರಿಕೆ. ಆ ನೀರಿನ ಎಳೆ ಚರ್ಮವನ್ನೂ ತೂರುತ್ತದೆ. ಹೊರಗೆ ಚುಕ್ಕಿಯಷ್ಟು ಗಾಯ ಕಂಡರೂ ಒಳಗೆ ಹೆಚ್ಚು ಹಾನಿಯಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗನ್ ಮಕ್ಕಳ ಕೈಗೆ ಬೇಡ, ಯಾರ ಕಡೆಗೂ ತಿರುಗಿಸುವುದೂ ಬೇಡ.

ಒಣಗಿದ್ದು ಎಂದರೆ ಎಷ್ಟು ಒಣಗಿದ್ದು?

ಹೊಸ ಬಣ್ಣ ಗುಳ್ಳೆ ಎದ್ದದ್ದು ಯಾಕೆ? ಒಳಗಿದ್ದ ನೀರು ಬಿಸಿಲಿಗೆ ಆವಿಯಾಗಿ ಹೊರಬರಲು ನೋಡಿತು, ಬಣ್ಣ ದಾರಿ ಬಿಡಲಿಲ್ಲ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ನೀರಿರುತ್ತದೆ.

ಮರ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹಿಡಿದುಕೊಳ್ಳುತ್ತದೆ. ಪೂರ್ತಿ ಒಣಗಿದಾಗ 100 ಗ್ರಾಂ ತೂಗುವ ಮರದ ತುಂಡು, ಸಾಪೇಕ್ಷ ಆರ್ದ್ರತೆ ಶೇ 65 ಇರುವ ಗಾಳಿಯಲ್ಲಿ ಸುಮಾರು 112 ಗ್ರಾಂ ತೂಗುತ್ತದೆ. ಶೇ 90 ಇದ್ದರೆ ಸುಮಾರು 121 ಗ್ರಾಂ. ಬಣ್ಣ ಬಳಿಯಲು ತೇವಾಂಶ ಶೇ 15ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ದಸರಾ ಹೊತ್ತಿಗೆ ಕೋತಗಿರಿ ಕಡೆ ಹಿಂಗಾರು ಮಳೆ ಶುರುವಾಗಿರುತ್ತದೆ, ಮಂಜು ಇಳಿದಿರುತ್ತದೆ. ಅಂಥ ಗಾಳಿಯಲ್ಲಿ ಹಲಗೆ ಎಷ್ಟು ದಿನ ಕಾದರೂ ಶೇ 15ಕ್ಕೆ ಇಳಿಯುವುದಿಲ್ಲ. ನಮ್ಮ ಬಯಲುಸೀಮೆಯ ರಜೆಯ ಲೆಕ್ಕದಲ್ಲಿ ನಾನು ಬೆಟ್ಟದ ಬೇಲಿಗೆ ದಿನ ಗೊತ್ತುಮಾಡಿದ್ದೆ.

ಎರಡನೇ ಸಲ ಸಂಕ್ರಾಂತಿ ರಜೆಗೆ ತೊಳೆದೆವು. ಜನವರಿಯಲ್ಲಿ ಅಲ್ಲಿ ಮಳೆ ಕಡಿಮೆ, ಹಗಲು ಒಳ್ಳೆ ಬಿಸಿಲು. ಎದ್ದ ನಾರನ್ನು ಒಣಗಿದ ಮೇಲೆ ಉಪ್ಪುಕಾಗದದಲ್ಲಿ ನಯ ಮಾಡಿದ್ದು ಹಳೇ ಬಣ್ಣ ಪೂರ್ತಿ ಹೋದ ಹಲಗೆಗಳಿಗೆ ಮಾತ್ರ. ಗಣರಾಜ್ಯೋತ್ಸವದ ಧ್ವಜಾರೋಹಣ ಮುಗಿಸಿ ಮತ್ತೆ ಹೋದಾಗ ಮೂರು ಪರೀಕ್ಷೆ ಮಾಡಿದೆವು. ಇದಕ್ಕೆ ಯಾವ ಉಪಕರಣವೂ ಬೇಡ:

1. ಹಲಗೆಗೆ ಅಂಗೈಯಗಲ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪ್ ಹಾಕಿ ಅಂಟಿಸಿ ರಾತ್ರಿ ಬಿಡುವುದು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಮರ ಇನ್ನೂ ಹಸಿ.

2. ನಾಲ್ಕು ಹನಿ ನೀರು ಹಾಕುವುದು. ಒಂದು ನಿಮಿಷದೊಳಗೆ ಮರ ಹೀರಿಕೊಂಡರೆ ಬಣ್ಣವನ್ನೂ ಹೀರಿಕೊಳ್ಳುತ್ತದೆ. ಮಣಿಯ ಹಾಗೆ ನಿಂತರೆ ಹಳೇ ಎಣ್ಣೆಯೋ ಬಣ್ಣವೋ ಇನ್ನೂ ಇದೆ.

3. ಟೇಪ್ ತುಂಡು ಒತ್ತಿ ಅಂಟಿಸಿ ಪಟ್ಟಂತ ಕೀಳುವುದು. ಟೇಪಿಗೆ ನಾರು ಅಂಟಿಬಂದರೆ ಸತ್ತ ಪದರ ಇನ್ನೂ ಹೋಗಿಲ್ಲ.

ಒಣಗಲು ಬಿಡಬೇಕು, ಹಾಗಂತ ತಿಂಗಳುಗಟ್ಟಲೆ ಬಿಡಲೂಬಾರದು. ಬರಿಮೈ ಮರ ಕೆಲವೇ ವಾರ ಬಿಸಿಲಿಗೆ ಬಿದ್ದರೂ ಮೇಲಿನ ಲಿಗ್ನಿನ್ ಮತ್ತೆ ಒಡೆಯಲು ಶುರುವಾಗಿ ಬಣ್ಣದ ಹಿಡಿತ ಕಡಿಮೆಯಾಗುತ್ತದೆ. ಒಣಗಿದೆ ಅಂತ ಖಾತ್ರಿಯಾದ ಕೂಡಲೇ ಪ್ರೈಮರ್ ಹಚ್ಚಬೇಕು. ಬೆಟ್ಟದ ಚಳಿಗೆ ಬೆಳಗಿನ ಇಬ್ಬನಿ ಆರಿದ ಮೇಲೆ ಶುರುಮಾಡಿ ಮೂರು ಗಂಟೆಯೊಳಗೆ ನಿಲ್ಲಿಸಿದೆವು. ಹಲಗೆಯ ತುದಿಗಳಿಗೆ ಪ್ರೈಮರ್ ಎರಡು ಸಲ ಹಚ್ಚಿದೆವು. ಮರ ನೀರು ಕುಡಿಯುವುದು ಹೆಚ್ಚಾಗಿ ಕುಯ್ದ ತುದಿಯಿಂದಲೇ.

ತರಗತಿಯಲ್ಲಿ ಮಾಡಿ ನೋಡಿ

ನಮ್ಮ ಬಯಲು ಶಾಲೆಗಳಲ್ಲಿ ಮರದ ಬೇಲಿ ಇಲ್ಲದಿರಬಹುದು. ಚಟುವಟಿಕೆಗೆ ಬೇಲಿ ಬೇಕಿಲ್ಲ.

ಒತ್ತಡಕ್ಕೆ: ಸೂಜಿ ತೆಗೆದ ಸಿರಿಂಜಿನಲ್ಲಿ ನೀರು ತುಂಬಿ, ತೆಳುವಾಗಿ ಕೆಸರು ಮೆತ್ತಿದ ಸ್ಲೇಟಿಗೆ 5, 15, 30 ಸೆಂ.ಮೀ. ದೂರದಿಂದ ಚಿಮ್ಮಿಸಲಿ. ಯಾವ ದೂರದಲ್ಲಿ ಕೆಸರು ಎಷ್ಟು ಅಗಲ, ಎಷ್ಟು ಆಳ ಹೋಯಿತು? ಪಟ್ಟಿ ಮಾಡಲಿ.

ತೇವಾಂಶಕ್ಕೆ: ಬಡಗಿಯ ಹತ್ತಿರ ಒಂದೇ ಮರದ ಎರಡು ತುಂಡು ತನ್ನಿ. ಒಂದು ದಿನ ನೀರಿನಲ್ಲಿಟ್ಟು ತೂಗಿ. ಆಮೇಲೆ ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಕೋಣೆಯೊಳಗೆ ಇಟ್ಟು ದಿನವೂ ಒಂದೇ ಹೊತ್ತಿಗೆ ತೂಗಿ ನಕ್ಷೆ ಬರೆಸಿ. ಮೊದಲ ದಿನ ತೂಕ ಬೇಗ ಇಳಿದು ಆಮೇಲೆ ನಿಧಾನವಾಗುವುದು ಯಾಕೆ ಎಂದು ಕೇಳಿ. ಉತ್ತರ ಮಕ್ಕಳಿಂದಲೇ ಬರಲಿ.

ಟೀ-ಮೊಳೆ ಪ್ರಯೋಗ ಮೇಲೆ ಹೇಳಿದ್ದೇನೆ. 8ನೇ ತರಗತಿಯವರಿಗೆ ಇದು ಬಹಳ ಇಷ್ಟ. ನಮ್ಮ ಮಕ್ಕಳು ಆ ಕಪ್ಪು ನೀರಿನಲ್ಲಿ ಕಡ್ಡಿ ಅದ್ದಿ ಹೆಸರು ಬರೆದು, ಅದರ ಮೇಲೆ ನಿಂಬೆರಸ ಸವರಿ ಅಳಿಸಿದರು.

ಎರಡನೇ ಸಲ ಬಳಿದ ಬಣ್ಣ ಒಂದು ಪೂರ್ತಿ ಮಳೆಗಾಲ ದಾಟಿ ನಿಂತಿದೆ. ನಾನು ಗೀರು ಹಾಕಿದ ಹಲಗೆಗಳಲ್ಲಿ ಮಾತ್ರ ಬಣ್ಣದ ಕೆಳಗೂ ಗೆರೆ ಕಾಣುತ್ತದೆ. ಮನೆಗೆ ಬಂದವರಿಗೆಲ್ಲ ಅಕ್ಕ ಅದನ್ನು ತೋರಿಸಿ "ಇದು ನಮ್ಮ ಮೇಷ್ಟ್ರ ಪ್ರಾಕ್ಟಿಕಲ್" ಅನ್ನುತ್ತಾಳೆ. ಬೇಲಿ ಪಕ್ಕದ ಪಾತಿಯಲ್ಲಿ ಈಗ ಸೇವಂತಿಗೆ ಇದೆ. ಕ್ಯಾರೆಟ್ಟನ್ನು ಮನೆಯ ಆಚೆ ಬದಿಗೆ ಹಾಕಿದ್ದಾರೆ. ನಿಮ್ಮ ಶಾಲೆಯಲ್ಲಿ ಬಣ್ಣದ ಕೆಲಸ ಶುರುವಾಗುವ ಮುಂಚೆ ಹಳೇ ಬಣ್ಣ ಯಾವ ಕಾಲದ್ದು ಅಂತ ಒಮ್ಮೆ ಕೇಳಿ. ಕೆಲಸ ಮುಗಿದು ನೆಲ ಗುಡಿಸಿ ಒರೆಸುವವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ.